ಕಾಯಿಸಿದ ನೀರು

ಆ ಮನೆಯಲ್ಲಿ ಜಗಳವೆಲ್ಲ ಶುರುವಾಗುತ್ತಿದ್ದದ್ದು ಒಂದು ಕ್ಯಾನಿನಿಂದ.

ಅಡುಗೆಮನೆಯ ಬಾಗಿಲ ಪಕ್ಕ, ಕಾಲು ಅಲ್ಲಾಡುವ ಸ್ಟೂಲಿನ ಮೇಲೆ ಅದು ಕೂತಿರುತ್ತಿತ್ತು. ಇಪ್ಪತ್ತು ಲೀಟರಿನದು. ಅದರಲ್ಲಿ ಪಾಪುವಿನ ನೀರು ಮಾತ್ರ ಇರಬೇಕು, ಬೇರೆ ಯಾರೂ ಲೋಟ ಒಡ್ಡುವ ಹಾಗಿಲ್ಲ. ಹಿತ್ತಲ ಬಾವಿಯಲ್ಲಿ ಬೇಕಾದಷ್ಟು ನೀರಿತ್ತು. ಆದರೆ ನೀರಿನ ಇಲಾಖೆಯವರು ಬಂದು ಬಾವಿಕಟ್ಟೆಯ ಸುತ್ತ ಕೆಂಪು ಬಣ್ಣ ಬಳಿದು ಹೋಗಿದ್ದರು. ದೊಡ್ಡವರು ಕುಡಿದರೆ ಕುಡಿಯಲಿ, ಎಳೆಯ ಕೂಸುಗಳಿಗೆ ಕೊಡಬಾರದು ಎಂದು ಅದರ ಅರ್ಥ. ಹೊಲಕ್ಕೆ ಸುರಿದ ಗೊಬ್ಬರವೆಲ್ಲ ಇಳಿದು ಇಳಿದು ಬಾವಿ ಸೇರಿದೆಯಂತೆ. ಕೂಸುಗಳಿಗೆ ಬೇಕಾದ ನೀರನ್ನು ಸೇತುವೆಯ ಆಚೆ ಇಲಾಖೆಯವರೇ ಹಾಕಿಸಿದ ನಲ್ಲಿಯಿಂದ ತಂದುಕೊಳ್ಳಬೇಕು.

ತರುವವರು ಯಾರು?

"ಬೆಳಿಗ್ಗೆ ನಾನೇ ಕ್ಯಾನು ಟೆಂಪೋದಲ್ಲಿ ಇಟ್ಟಿದ್ದೆ. ಖಾಲಿ ಹೋಗಿ ಖಾಲೀನೇ ಬಂದಿದೆ. ಊರು ಸುತ್ತೋಕೆ ಕಳಿಸಿದ್ನಾ ಅದನ್ನ?" ಸೊಸೆ ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು.

"ಕ್ಯೂನಲ್ಲಿ ಹದಿನೈದು ಜನ ನಿಂತಿದ್ರು. ಹಾಲು ಕೆಟ್ಟು ಹೋದ್ರೆ ಡೇರಿಯವರು ನಿನ್ನನ್ನ ಕೇಳ್ತಾರಾ, ನನ್ನನ್ನ ಕೇಳ್ತಾರಾ?"

"ಬರುವಾಗ ತರಬಹುದಿತ್ತು."

"ಬರುವಾಗ ನಲ್ಲಿ ಬಂದ್."

"ನಿಮಗೆ ಮಾತ್ರ ಬಂದ್ ಆಗುತ್ತೆ ನೋಡಿ ಅದು."

"ನೀನೂ ಅದೇ ದಾರೀಲಿ ಬಸ್ಸಲ್ಲಿ ಬರ್ತೀಯಲ್ಲ, ಇಳಿದು ಹಿಡ್ಕೊಂಡು ಬಾ."

"ತೊಡೆ ಮೇಲೆ ಕೂರಿಸ್ಕೊಂಡು ಬರ್ತೀನಿ. ಕಂಡಕ್ಟರ್ ಅದಕ್ಕೂ ಒಂದು ಟಿಕೆಟ್ ಹರಿದು ಕೊಡ್ಲಿ."

ಮಗ ಸುತ್ತಲಿನ ಮನೆಗಳ ಹಾಲನ್ನು ಟೆಂಪೋದಲ್ಲಿ ಡೇರಿಗೆ ಸಾಗಿಸುವವನು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಸೊಸೆ ಪೇಟೆಯಲ್ಲಿ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಮೆಷಿನ್ ತುಳಿಯುವವಳು. ಕೊಟ್ಟ ರಜೆ ಮುಗಿದು, ಪಾಪುವಿಗೆ ಮೂರು ತಿಂಗಳು ತುಂಬುವ ಮೊದಲೇ ಕೆಲಸಕ್ಕೆ ಮರಳಿದ್ದಳು. ಹಗಲೆಲ್ಲ ಪಾಪುವಿಗೆ ಡಬ್ಬಿಯ ಹಾಲಿನ ಪುಡಿ. ಪುಡಿ ಕಲೆಸಲು ಕ್ಯಾನಿನ ನೀರು. ಕಲೆಸುವವಳು ಅಜ್ಜಿ.

ಅವಳು ಅಜ್ಜಿಯಾಗಿ ಮೂರೇ ತಿಂಗಳಾಗಿತ್ತಾದರೂ ಮನೆಯವರೆಲ್ಲ ಆಗಲೇ ಅವಳ ಬೇರೆ ಹೆಸರುಗಳನ್ನೆಲ್ಲ ಮರೆತುಬಿಟ್ಟಿದ್ದರು. ಗಂಡ ಕೂಡ ಕೊಟ್ಟಿಗೆಯಿಂದ "ಅಜ್ಜೀ, ಬಕೆಟ್ಟು" ಎಂದೇ ಕೂಗುತ್ತಿದ್ದ. ಹದಿನಾಲ್ಕು ಹಸುಗಳ ಮೈ ತಿಕ್ಕಿ, ಹಿಂಡಿ ಬೇಯಿಸಿ, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾಟಲಿ ಹಿಡಿಯುವ ಹೊತ್ತಿಗೆ ಅವಳಿಗೆ ಕೂತಲ್ಲೇ ಕಣ್ಣು ಎಳೆಯುತ್ತಿತ್ತು. ಸಂಜೆ ಮಗ ಸೊಸೆಯರ ಮಾತು ಏರತೊಡಗಿದರೆ ಒಂದು ಕೈಯಲ್ಲಿ ಪಾಪುವಿನ ಕಿವಿ ಮುಚ್ಚುತ್ತಿದ್ದಳು.

"ನೀವಿಬ್ಬರೂ ಆ ಕ್ಯಾನಿಗೇ ಮದುವೆಯಾಗಿದ್ರೆ ಚೆನ್ನಾಗಿತ್ತು," ಎಂದಳು ಒಂದು ಸಲ.

ಊಟಕ್ಕೆ ಕೂತಿದ್ದ ಅಜ್ಜ ತಟ್ಟೆಯಿಂದ ತಲೆಯೆತ್ತಲಿಲ್ಲ. "ಇದೇ ಬಾವಿ ನೀರು ಕುಡಿದು ಎಪ್ಪತ್ತು ವರ್ಷ ಆಯ್ತು. ನಾನೇನು ಸತ್ತಿದೀನಾ?"

"ನಿಮಗೇನೂ ಆಗಲ್ಲ ಮಾವ. ಪಾಪುಗೆ ಆಗುತ್ತೆ."

"ಆ ಪಟ್ಟೆ ಮೇಡಂ ಹೇಳಿದ್ದು ತಾನೆ? ಅವಳು ಹೇಳಿದ್ದನ್ನೆಲ್ಲ ಕೇಳಿ ಕೇಳಿ ನನ್ನ ಹೊಲ ಅರ್ಧ ಹೋಯ್ತು."

ಅರ್ಧ ಹೋಗಿರಲಿಲ್ಲ. ಹೋಗಿದ್ದು ಹಳ್ಳದ ಉದ್ದಕ್ಕೂ ಒಂದು ಪಟ್ಟೆ. ಹಳ್ಳದಿಂದ ಇಷ್ಟು ದೂರ ಉಳಬಾರದು, ಬಿತ್ತಬಾರದು, ಸಗಣಿ ಗೊಬ್ಬರ ಚೆಲ್ಲಬಾರದು, ಹುಲ್ಲು ಬೆಳೆಯಲು ಬಿಡಬೇಕು ಎಂದು ಕಾಯಿದೆ ಬಂದು ಮೂರು ವರ್ಷವಾಗಿತ್ತು. ಗುರುತಿನ ಗೂಟಗಳನ್ನು ನಿಂತು ನೆಡಿಸಿದ ನೀರಿನ ಇಲಾಖೆಯ ಹೆಂಗಸಿಗೆ ಅಂದಿನಿಂದ ಪಟ್ಟೆ ಮೇಡಂ ಎಂದೇ ಹೆಸರು. ಮಳೆಗಾಲ ಮುಗಿಯುವವರೆಗೆ ಗೊಬ್ಬರ ಹೊಲಕ್ಕೆ ಹೋಗುವಂತಿಲ್ಲ, ಸಗಣಿ ಗುಂಡಿಗೆ ಸಿಮೆಂಟು ಹಾಕಿ ಮೇಲೆ ಹೊದಿಕೆ ಮಾಡಬೇಕು ಎಂಬುದೂ ಬಂತು. ಅಜ್ಜ ಗೊಣಗುತ್ತಲೇ ಎಲ್ಲವನ್ನೂ ಮಾಡಿದ. ಒಂದು ಕಾಲಕ್ಕೆ ಸುತ್ತಲಿನವರು ಅವನನ್ನು ಸಗಣಿ ಸಾಹುಕಾರ ಎನ್ನುತ್ತಿದ್ದರು. ಹಸುವಿನ ಗೊಬ್ಬರದ ಮೇಲೆ ಚೀಲದ ಬಿಳಿ ಗೊಬ್ಬರವನ್ನೂ ಕೈಬಿಚ್ಚಿ ಎರಚಿ ಎಲ್ಲರಿಗಿಂತ ಮೊದಲು ದುಪ್ಪಟ್ಟು ಬೆಳೆ ತೆಗೆದವನು ಅವನೇ. ಈಗ ಪಟ್ಟೆಯಲ್ಲಿ ಮೊಣಕಾಲೆತ್ತರ ಹುಲ್ಲು ನಿಂತಿರುವುದನ್ನು ಕಂಡರೆ ಅವನಿಗೆ ಯಾರೋ ತನ್ನ ಜೇಬಿಗೆ ಕೈ ಹಾಕಿದಂತಾಗುತ್ತಿತ್ತು.

"ಮೂರು ವರ್ಷ ಬಿಟ್ಟೆ. ಬಾವಿ ಸರಿಹೋಯ್ತಾ? ಹೋದ ತಿಂಗಳು ಬಂದು ಅಳೆದಾಗ ಮತ್ತೂ ಜಾಸ್ತಿಯಂತೆ. ಈ ಸಲ ಟ್ರಾಕ್ಟರ್ ಕರೆಸಿ ಉತ್ತುಬಿಡ್ತೀನಿ. ಬಂದು ಹಿಡ್ಕೊಂಡು ಹೋಗ್ಲಿ."

"ಉತ್ತುಬಿಡಿ. ಮೊದಲು ಅನ್ನ ತಿನ್ನಿ, ಆರಿಹೋಗ್ತಿದೆ," ಎಂದಳು ಅಜ್ಜಿ.

ಒಂದು ದಿನ ಅವಳೇ ನೀರು ತರಲು ಹೊರಟಳು. ಮೇವು ತರುವ ಕೈಗಾಡಿಯ ಮೇಲೆ ಕ್ಯಾನು ಇಟ್ಟು, ಪಾಪುವನ್ನು ಅಜ್ಜನ ಪಕ್ಕ ಮಲಗಿಸಿ, ಸೇತುವೆ ದಾಟಿ ಹೋದಳು. ನಲ್ಲಿಯ ಮುಂದೆ ಅವಳಂಥವರೇ ನಿಂತಿದ್ದರು, ಎಲ್ಲರ ಮನೆಯಲ್ಲೂ ಒಂದೊಂದು ಕೂಸು. ತುಂಬಿಸಿಕೊಂಡು ತಿರುಗಿ ಬರುವಾಗ ಸೇತುವೆಯ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿತು. ಮಂಡಿ ಊರಿ ಗಾಡಿಯನ್ನೇನೋ ತಡೆದಳು, ಕ್ಯಾನು ಉರುಳಿಹೋಯಿತು. ಮನೆ ಮುಟ್ಟುವಾಗ ಅದರಲ್ಲಿ ಉಳಿದದ್ದು ಎರಡು ಚೊಂಬು. ಮಂಡಿ ವಾರವಿಡೀ ಬಾತುಕೊಂಡಿತ್ತು. ಅಂದು ಸಂಜೆ ಸೊಸೆ ಬಿಸಿನೀರಿನ ಬಟ್ಟೆ ಒತ್ತುತ್ತ, "ನಿಮ್ಮನ್ಯಾರು ಹೋಗೋಕೆ ಹೇಳಿದ್ದು ಅತ್ತೆ?" ಎಂದಳು. ಆ ಮಾತು ಗೋಡೆಯಾಚೆ ಕೂತಿದ್ದ ಗಂಡನಿಗೆ ಎಂದು ಎಲ್ಲರಿಗೂ ಗೊತ್ತಿತ್ತು. ಅವನು ಅಲ್ಲಿಂದಲೇ ಉತ್ತರ ಕೊಟ್ಟ. ಮತ್ತೆ ಶುರುವಾಯಿತು. ಆ ರಾತ್ರಿ ಸೊಸೆ ಉಣ್ಣದೆ ಮಲಗಿದಳು.

ಮರುದಿನ ಕ್ಯಾನಿನಲ್ಲಿ ಒಂದು ಬಾಟಲಿಗೆ ಸಾಕಾಗುವಷ್ಟು ನೀರಿತ್ತು. ಮಗ ಹಾಲಿಗೆ, ಸೊಸೆ ಬಸ್ಸಿಗೆ ಹೋಗಿಯಾಗಿತ್ತು. ಕೊಟ್ಟಿಗೆಯ ಮೂಲೆಯಲ್ಲಿ ಹಿಂಡಿ ಬೇಯಿಸುವ ದೊಡ್ಡ ಒಲೆ ಉರಿಯುತ್ತಿತ್ತು. ಅಜ್ಜಿ ಒಲೆಯನ್ನು ನೋಡಿದಳು, ಬಾವಿಯನ್ನು ನೋಡಿದಳು. ಕೂಸಿನ ಬಾಟಲಿ, ಕೂಸಿನ ಬಟ್ಟೆ, ಹಸುವಿನ ಕೆಚ್ಚಲಿಗೆ ಒತ್ತುವ ಅರಿವೆ, ಎಲ್ಲವನ್ನೂ ಅವಳು ಕುದಿಸಿಯೇ ಶುದ್ಧ ಮಾಡುತ್ತಿದ್ದವಳು. ಬೆಂಕಿ ತಾಗಿದ ಮೇಲೆ ಯಾವ ವಿಷ ತಾನೆ ನಿಂತೀತು?

ದೊಡ್ಡ ಹಂಡೆಯನ್ನು ಬೂದಿ ಹಾಕಿ ಮೂರು ಸಲ ಉಜ್ಜಿ ತೊಳೆದಳು. ಬಾವಿಯ ನೀರು ತುಂಬಿಸಿ ಒಲೆಯ ಮೇಲಿಟ್ಟಳು. ಕುದಿ ಬಂದರೂ ಇಳಿಸಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಇರಲಿ, ಕೂಸಿಗಲ್ಲವೇ ಎಂದು ಸೌದೆ ಒಟ್ಟಿದಳು. ಹಂಡೆಯ ನೀರು ಅರ್ಧಕ್ಕೆ ಇಳಿಯುವ ತನಕ ಕುದಿಸಿ, ಆರಿಸಿ, ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ ಕ್ಯಾನಿಗೆ ತುಂಬಿದಳು. ಹೆಗಲು ಸೇದಿಕೊಂಡಿತು. ಆದರೆ ಸಂಜೆ ಮಗ ಬಂದು ಕ್ಯಾನನ್ನು ನೋಡಿ ಏನೂ ಅನ್ನಲಿಲ್ಲ, ಸೊಸೆ ಬಂದು ನೋಡಿ ಏನೂ ಅನ್ನಲಿಲ್ಲ. ಎಷ್ಟೋ ದಿನಗಳ ಮೇಲೆ ನಾಲ್ವರೂ ಒಟ್ಟಿಗೆ ಕೂತು ಉಂಡರು.

ಹಾಗೇ ನಡೆಯಿತು. ಕ್ಯಾನು ತಳ ಕಾಣುವ ಮೊದಲೇ ಅಜ್ಜಿ ಹಂಡೆ ಏರಿಸುತ್ತಿದ್ದಳು. ಒಲೆಯ ಮೇಲಿರುವುದು ಹಿಂಡಿಯೆಂದೇ ಅಜ್ಜ ತಿಳಿದಿದ್ದ.

ತಮಾಷೆಯೆಂದರೆ, ನೀರು ತರುತ್ತಿರುವುದು ಹೆಂಡತಿ ಎಂದು ಮಗ ತಿಳಿದಿದ್ದ, ಗಂಡ ಎಂದು ಸೊಸೆ ತಿಳಿದಿದ್ದಳು. ಇಬ್ಬರಿಗೂ ಬಿಂಕ. ಬಾಯಿಬಿಟ್ಟು ಕೇಳಿದರೆ ಎಲ್ಲಿ ಸೋತಂತಾಗುತ್ತದೋ ಎಂದು ಸುಮ್ಮನಿದ್ದರು.

"ಅಮ್ಮ, ನಿನ್ನ ಸೊಸೆ ಸುಧಾರಿಸಿದಾಳೆ," ಎಂದ ಮಗ ಒಂದು ಬೆಳಿಗ್ಗೆ, ಹಾಲಿನ ಕ್ಯಾನುಗಳನ್ನು ಟೆಂಪೋಗೆ ಏರಿಸುತ್ತ. "ನೀರಿನ ಸುದ್ದೀನೇ ಎತ್ತಲ್ಲ. ಯಾವುದೋ ಆಟೋದವನಿಗೆ ಗೊತ್ತು ಮಾಡಿರ್ಬೇಕು."

"ಮಾಡಿರ್ಬೇಕು," ಎಂದಳು ಅಜ್ಜಿ.

ಸೊಸೆ ತಲೆ ಬಾಚಿಕೊಳ್ಳುತ್ತ, "ಅತ್ತೆ, ನಿಮ್ಮ ಮಗ ದಿನಾ ಬಾಯಿಮುಚ್ಕೊಂಡು ತಂದು ತುಂಬಿಸ್ತಿದಾರೆ. ನೀವು ಹೊಗಳೋಕೆ ಹೋಗ್ಬೇಡಿ. ಹೊಗಳಿದ್ರೆ ನಿಲ್ಲಿಸಿಬಿಡೋ ಜಾತಿ."

"ನಾನ್ಯಾಕೆ ಹೊಗಳ್ಲಿ?"

ಸೊಸೆ ಗಂಡನಿಗೆಂದು ಬೆಳಗಿನ ರೊಟ್ಟಿಯ ಜೊತೆ ಮೊಟ್ಟೆ ಕರಿದಿಡತೊಡಗಿದಳು. ಮಗ ಪೇಟೆಯಿಂದ ಅವಳಿಗೆ ಒಂದು ದಪ್ಪ ಮೆತ್ತೆ ತಂದ. ಕಾರ್ಖಾನೆಯ ಕುರ್ಚಿ ಸೊಂಟಕ್ಕೆ ಒತ್ತುತ್ತದೆ ಎಂದು ಅವಳು ಎಂದೋ ಹೇಳಿದ್ದಳಂತೆ. "ಬಣ್ಣ ಚೆನ್ನಾಗಿಲ್ಲ," ಎಂದಳು ಸೊಸೆ, ಎದೆಗೆ ಒತ್ತಿಕೊಂಡು. ಅಜ್ಜಿ ಪಾತ್ರೆ ತೊಳೆಯುತ್ತ ಬೆನ್ನು ತಿರುಗಿಸಿಕೊಂಡೇ ನಕ್ಕಳು. ಹೆಗಲ ನೋವಿಗೆ ರಾತ್ರಿ ಎಣ್ಣೆ ಸವರಿಕೊಂಡು ಮಲಗುತ್ತಿದ್ದಳು.

ಮೂರನೆಯ ವಾರ ಪಾಪು ಹೆಚ್ಚು ನಿದ್ದೆ ಮಾಡತೊಡಗಿತು. ಅಳುವುದು ಕಡಿಮೆಯಾಯಿತು. "ಬೆಳೆಯೋ ಕೂಸು, ಮಲಗ್ಲಿ ಬಿಡು," ಎಂದಳು ಅಜ್ಜಿ. ಆ ಭಾನುವಾರ ಎಲ್ಲರೂ ಮನೆಯಲ್ಲಿದ್ದರು. ಮಧ್ಯಾಹ್ನದ ಊಟದ ತಟ್ಟೆಗಳು ಇನ್ನೂ ನೆಲದ ಮೇಲೇ ಇದ್ದವು. ಸೊಸೆ ಪಾಪುವನ್ನು ಕಿಟಕಿಯ ಬೆಳಕಿಗೆ ಎತ್ತಿಕೊಂಡು ನಿಂತವಳು ಕೇಳಿದಳು:

"ಅತ್ತೆ, ಪಾಪು ತುಟಿಗೆ ಏನು ಹಚ್ಚಿದೀರಿ?"

"ನಾನೇನೂ ಹಚ್ಚಿಲ್ಲವಲ್ಲ."

ತುಟಿ ನೇರಳೆ ಹಣ್ಣು ತಿಂದಂತಿತ್ತು. ಉಗುರುಗಳೂ ಹಾಗೆಯೇ. ಸೊಸೆ ಕೆನ್ನೆ ತಟ್ಟಿದಳು. ಪಾಪು ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿಕೊಂಡಿತು.

"ರೀ!" ಎಂದು ಅವಳು ಕಿರುಚಿದ್ದು ಕೊಟ್ಟಿಗೆಯವರೆಗೂ ಕೇಳಿಸಿತು.

ಹಾಲಿನ ಟೆಂಪೋದಲ್ಲೇ ಆಸ್ಪತ್ರೆಗೆ ಹೋದರು. ಮುಂದೆ ಮಗ, ಸೊಸೆ, ಪಾಪು. ಹಿಂದೆ ಖಾಲಿ ಕ್ಯಾನುಗಳ ನಡುವೆ ಅಜ್ಜಿ. ಇಳಿಸಲು ಯಾರಿಗೂ ಪುರುಸೊತ್ತಿರಲಿಲ್ಲ, ಅವು ದಾರಿಯುದ್ದಕ್ಕೂ ಒಂದಕ್ಕೊಂದು ಬಡಿದುಕೊಂಡವು. ಮನೆಯಲ್ಲಿ ಹಸುಗಳಿದ್ದುದರಿಂದ ಅಜ್ಜ ಗೇಟಿನಲ್ಲೇ ನಿಂತ.

ಆಸ್ಪತ್ರೆಯಲ್ಲಿ ಪಾಪುವಿನ ಮೂಗಿಗೆ ಗಾಳಿಯ ನಳಿಕೆ ಇಟ್ಟರು. ಬಣ್ಣ ತಿರುಗಲಿಲ್ಲ. ನರ್ಸು ಪುಟ್ಟ ಪಾದದಿಂದ ರಕ್ತ ತೆಗೆದು ಬೆಳಕಿಗೆ ಹಿಡಿದಳು. ಅದು ಕೆಂಪಗಿರಲಿಲ್ಲ, ಕಾಫಿಯ ಗಸಿಯಂತೆ ಕಂದು ಬಣ್ಣಕ್ಕಿತ್ತು. ಅವಳು ಓಡಿಹೋಗಿ ಡಾಕ್ಟರನ್ನು ಕರೆತಂದಳು. ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು, ಊಟದಿಂದ ಎದ್ದು ಬಂದಂತಿತ್ತು.

"ಹಾಲಿನ ಪುಡಿಗೆ ಯಾವ ನೀರು ಹಾಕ್ತೀರಿ?"

"ನಲ್ಲಿ ನೀರು. ಇಲಾಖೆ ನಲ್ಲಿ," ಎಂದಳು ಸೊಸೆ. "ಇವರೇ ದಿನಾ ತರ್ತಾರೆ."

ಮಗ ಅವಳ ಮುಖ ನೋಡಿದ. "ನಾನಾ? ನಾನೆಲ್ಲಿ ತಂದೆ? ನೀನು ತರಿಸ್ತಿದ್ದೀಯಲ್ಲ, ಆಟೋದಲ್ಲಿ?"

"ಯಾವ ಆಟೋ?"

"ಬೇಗ ಹೇಳಿ," ಎಂದರು ಡಾಕ್ಟರು. "ಯಾವ ನೀರು ಅನ್ನೋದು ಖಾತ್ರಿ ಆದ್ರೆ ನಾನು ಕಾಯದೆ ಔಷಧಿ ಶುರು ಮಾಡ್ತೀನಿ. ಯಾರಿಗೆ ಗೊತ್ತು?"

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಅಜ್ಜಿ ಗೋಡೆಯ ಪಕ್ಕದಿಂದ ಮುಂದೆ ಬಂದಳು.

"ಬಾವಿ ನೀರು," ಎಂದಳು.

"ಎಷ್ಟು ದಿನದಿಂದ?"

"ಮೂರು ವಾರ ಆಗ್ತಾ ಬಂತು. ಹಾಗೇ ಕೊಟ್ಟಿಲ್ಲ ಡಾಕ್ಟ್ರೇ. ಕುದಿಸಿದೀನಿ. ಅರ್ಧಕ್ಕೆ ಇಳಿಯೋವರೆಗೂ ಕುದಿಸಿ, ಬಟ್ಟೆಯಲ್ಲಿ ಸೋಸಿ ಕೊಟ್ಟಿದೀನಿ."

ಡಾಕ್ಟರು ನರ್ಸಿಗೆ ಔಷಧಿಯ ಹೆಸರು ಹೇಳಿ ಪಾಪುವಿನ ಕಡೆ ತಿರುಗಿದರು. ಮತ್ತೆ ಅವರು ಮಾತಾಡಿದ್ದು ಸೂಜಿ ನಿಂತು, ಹನಿ ಇಳಿಯತೊಡಗಿದ ಮೇಲೆಯೇ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

"ಅಜ್ಜಿ, ಹಾಲನ್ನ ಅರ್ಧಕ್ಕೆ ಇಳಿಸಿದ್ರೆ ಏನಾಗುತ್ತೆ?"

"ಗಟ್ಟಿಯಾಗುತ್ತೆ."

"ಇದೂ ಅಷ್ಟೇ. ಆವಿಯಾಗಿ ಹೋಗೋದು ನೀರು. ಗೊಬ್ಬರದ ಉಪ್ಪು ತಳದಲ್ಲೇ ಉಳಿಯುತ್ತೆ. ಅದು ಹುಳ ಅಲ್ಲ, ಬೆಂಕಿಗೆ ಸಾಯೋಕೆ."

ನಲವತ್ತು ವರ್ಷ ಹಾಲು ಕಾಯಿಸಿದ ಅಜ್ಜಿ ಆ ಮಾತಿಗೆ ತಲೆಯಾಡಿಸಿದಳು. ಹೊರಗೆ ಬಂದು ಬೆಂಚಿನ ತುದಿಯಲ್ಲಿ ಕೂತಳು. ಸೊಸೆ ಬೆಂಚಿನ ಇನ್ನೊಂದು ತುದಿಯಲ್ಲಿದ್ದಳು. ನಡುವೆ ಮೂವರು ಕೂರುವಷ್ಟು ಜಾಗ. ಮಗ ಎರಡು ಸಲ ಟೀ ತಂದ, ಎರಡು ಸಲವೂ ಅದು ಹಾಗೇ ಆರಿತು.

ಸಂಜೆಯ ಹೊತ್ತಿಗೆ ಒಳಗಿನಿಂದ ಅಳು ಕೇಳಿಸಿತು. ಜೋರು ಅಳು, ಹಸಿದ ಅಳು. ಸೊಸೆ ಎದ್ದು ಓಡಿದಳು. ಅಜ್ಜಿಯೂ ಎದ್ದಳು, ಬಾಗಿಲವರೆಗೆ ಹೋದಳು. ಅಲ್ಲೇ ನಿಂತು ನೋಡಿದಳು. ತುಟಿ ತುಟಿಯ ಬಣ್ಣಕ್ಕೆ ಬಂದಿತ್ತು.

ಎರಡು ದಿನ ಇಟ್ಟುಕೊಳ್ಳುತ್ತೇವೆ ಎಂದರು. ಮಗ ಅಜ್ಜಿಯನ್ನು ಮನೆಗೆ ಬಿಟ್ಟ. ದಾರಿಯಲ್ಲಿ ಒಂದೇ ಮಾತು ಆಡಿದ.

"ಒಂದು ಮಾತು ಹೇಳೋದಲ್ವಾ ಅಮ್ಮ?"

"ಹೇಳಿದ್ರೆ ಮತ್ತೆ ಜಗಳ ಆಡ್ತಿದ್ರಿ," ಎಂದಳು ಅವಳು. ಆಡಿದ ಮೇಲೆ ಅವಳಿಗೇ ಅದು ನಾಚಿಕೆಗೇಡು ಎನಿಸಿತು.

ಮನೆಯಲ್ಲಿ ಅಜ್ಜ ಒಬ್ಬನೇ ಹಾಲು ಕರೆದು ಮುಗಿಸಿ, ಕೈ ಕೂಡ ತೊಳೆಯದೆ ಮೆಟ್ಟಿಲ ಮೇಲೆ ಕೂತಿದ್ದ. ಅವಳು ನಡೆದದ್ದನ್ನೆಲ್ಲ ಹೇಳಿದಳು. ಕುದಿಸಿದ ವಿಷಯಕ್ಕೆ ಬಂದಾಗ ಅವನು ಮುಖ ಆಚೆ ತಿರುಗಿಸಿದ.

"ಕುದಿಸಬಾರ್ದು ಅಂತ ಮೀಟಿಂಗಲ್ಲಿ ಹೇಳಿದ್ರು," ಎಂದ ಮೆಲ್ಲಗೆ.

"ಯಾವ ಮೀಟಿಂಗು?"

"ಅದೇ, ಬಾವಿಗೆ ಬಣ್ಣ ಬಳಿದಾಗ. ಪಟ್ಟೆ ಮೇಡಂ ಎರಡೆರಡು ಸಲ ಹೇಳಿದ್ರು. ಕುದಿಸಿದ್ರೆ ಜಾಸ್ತಿ ಆಗುತ್ತೆ ಅಂತ."

ಆ ಮೀಟಿಂಗ್ ನಡೆದದ್ದು ಸಂಜೆ ಐದಕ್ಕೆ. ಐದಕ್ಕೆ ಎಲ್ಲ ಮನೆಗಳಲ್ಲೂ ಹಾಲು ಕರೆಯುವ ಹೊತ್ತು. ಕರೆಯುವವರು ಹೆಂಗಸರು, ಮೀಟಿಂಗಿಗೆ ಹೋದವರು ಗಂಡಸರು. ಬಂದ ಮೇಲೆ ಅಜ್ಜ ಒಂದು ವಾರ ಮಾತಾಡಿದ್ದ. ಗೂಟದ ಬಗ್ಗೆ, ಸಗಣಿ ಗುಂಡಿಯ ಬಗ್ಗೆ, ಸಿಮೆಂಟಿನ ಬಗ್ಗೆ.

"ನನಗ್ಯಾಕೆ ಹೇಳ್ಲಿಲ್ಲ?"

"ಅದು ಅಡುಗೆಮನೆ ವಿಷಯ ಅಂತ ಬಿಟ್ಟೆ. ಆಗ ಮನೇಲಿ ಕೂಸೂ ಇರಲಿಲ್ಲ."

"ಅಡುಗೆಮನೆ ವಿಷಯ ಅಡುಗೆಮನೆಯವಳಿಗೆ ಹೇಳಬೇಕಲ್ವಾ?" ಅವಳ ದನಿ ಏರಿತು. "ಮೀಟಿಂಗಲ್ಲಿ ಕೊಟ್ಟ ಬಿಸ್ಕತ್ತು ಮೆತ್ತಗಾಗಿತ್ತು ಅಂತ ಹೇಳಿದ್ರಿ. ಕುರ್ಚಿ ಸಾಲದೆ ನಿಂತಿದ್ದೆ ಅಂತ ಹೇಳಿದ್ರಿ. ಅದೆಲ್ಲ ನೆನಪಿತ್ತು!"

"ನಾನೇನು ಬೇಕಂತ..."

"ಯಾರೂ ಬೇಕಂತ ಮಾಡ್ಲಿಲ್ಲ. ನಾನೂ ಮಾಡ್ಲಿಲ್ಲ." ಅಷ್ಟಕ್ಕೆ ಅವಳ ಸಿಟ್ಟು ಮುಗಿದುಹೋಯಿತು. ಇನ್ನಷ್ಟು ಸಿಟ್ಟಾಗಲು ಮೈಯಲ್ಲಿ ಬಲವಿರಲಿಲ್ಲ. "ಏಳಿ, ಕೈ ತೊಳೀರಿ. ಎರಡು ಆಲೂಗಡ್ಡೆ ಬೇಯಿಸ್ತೀನಿ."

ಆಸ್ಪತ್ರೆಯಿಂದ ಇಲಾಖೆಗೆ ಸುದ್ದಿ ಹೋಗಿ, ಮರುದಿನ ಪಟ್ಟೆ ಮೇಡಂ ಬಂದರು. ಬಾವಿಯಿಂದ ಒಂದು ಶೀಶೆ ನೀರು, ಕ್ಯಾನಿನಿಂದ ಒಂದು ಶೀಶೆ ನೀರು ತುಂಬಿಕೊಂಡು ಮುಚ್ಚಳ ತಿರುಗಿಸಿದರು. ಬೂಟಿನ ತುಂಬ ಬೇರೆ ಯಾರದೋ ಹೊಲದ ಕೆಸರಿತ್ತು.

"ಮೀಟಿಂಗನ್ನ ಐದು ಗಂಟೆಗೇ ಯಾಕೆ ಇಡ್ತೀರಿ ಮೇಡಂ?" ಅಜ್ಜಿ ಕೇಳಿದಳು. "ಆ ಹೊತ್ತಲ್ಲಿ ನಮ್ಮ ಕೈ ಕೆಚ್ಚಲಲ್ಲಿರುತ್ತೆ."

ಮೇಡಂ ಶೀಶೆ ಒರೆಸುತ್ತ, "ಬೆಳಿಗ್ಗೆ ಜೀಪು ಬೇರೆ ಕಡೆ ಹೋಗುತ್ತಮ್ಮ. ನಮಗೆ ಸಿಗೋದು ಐದಕ್ಕೇ," ಎಂದರು.

ಅಜ್ಜ ಕಂಬಕ್ಕೆ ಒರಗಿ ನಿಂತಿದ್ದ. "ಮೂರು ವರ್ಷ ಪಟ್ಟೆ ಬಿಟ್ಟೆ. ಗುಂಡಿಗೆ ಸಿಮೆಂಟ್ ಹಾಕಿಸ್ದೆ. ನೀವು ಹೇಳಿದ್ದೆಲ್ಲ ಮಾಡ್ದೆ. ಮತ್ತೆ ಈ ನೀರು ಯಾಕೆ ಹೀಗೆ?"

"ನೀವು ಈಗ ಸೇದ್ತಿರೋದು ಈ ವರ್ಷದ ನೀರಲ್ಲ ಯಜಮಾನ್ರೇ. ನೆಲದ ಒಳಗೆ ನೀರು ಬಹಳ ನಿಧಾನ. ಇಪ್ಪತ್ತು ವರ್ಷದ ಹಿಂದೆ ಹೊಲಕ್ಕೆ ಬಿದ್ದದ್ದು ಈಗ ಬಾವಿಗೆ ಬರ್ತಿದೆ."

"ಇಪ್ಪತ್ತು ವರ್ಷದ ಹಿಂದೆ," ಎಂದ ಅಜ್ಜ. ಆ ವರ್ಷಗಳಲ್ಲೇ ಅವನು ಚೀಲಗಟ್ಟಲೆ ಎರಚಿದ್ದು. ಆ ಬೆಳೆಯಲ್ಲೇ ಈ ಮನೆಗೆ ಹೆಂಚು ಬಂದದ್ದು. "ಹಾಗಾದ್ರೆ ನಾನು ಈಗ ಬಿಟ್ಟಿರೋದು?"

"ಇನ್ನಿಪ್ಪತ್ತು ವರ್ಷಕ್ಕೆ ಕಾಣುತ್ತೆ."

"ನಾನಿರಲ್ಲ."

"ನಾನೂ ರಿಟೈರ್ ಆಗಿರ್ತೀನಿ," ಎಂದರು ಮೇಡಂ. ನಗಿಸಲು ಹೇಳಿದ್ದಲ್ಲ. ಶೀಶೆಗಳನ್ನು ಪೆಟ್ಟಿಗೆಗೆ ಇಟ್ಟುಕೊಂಡು ಹೋದರು.

ಮಧ್ಯಾಹ್ನ ಟ್ರಾಕ್ಟರಿನವನು ಬಂದ. ಹಳ್ಳದ ಪಟ್ಟೆ ಉಳಲು ಅಜ್ಜ ವಾರದ ಹಿಂದೆಯೇ ಹೇಳಿಟ್ಟಿದ್ದ.

"ಇವತ್ತು ಬೇಡ," ಎಂದ ಅಜ್ಜ.

"ನಾಳೆ ಬರ್ಲಾ?"

"ನಾಳೇನೂ ಬೇಡ."

"ಮತ್ತೆ ಯಾವಾಗ?"

"ನಾನು ಸತ್ತ ಮೇಲೆ ನನ್ನ ಮಗನ್ನ ಕೇಳು, ಹೋಗು," ಎಂದು ಗೇಟು ಹಾಕಿದ.

ಮರುದಿನ ಸೊಸೆ ಆಸ್ಪತ್ರೆಯಿಂದ ಪಾಪುವನ್ನು ಎತ್ತಿಕೊಂಡು ಬಂದಳು. ಆದರೆ ಇರಲು ಬಂದದ್ದಲ್ಲ. ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಗೊತ್ತು ಮಾಡಿದ್ದಳು. ಪಾಪುವಿನ ಬಟ್ಟೆ, ಹಾಲಿನ ಡಬ್ಬಿ, ತನ್ನ ಎರಡು ಜೊತೆ ಉಡುಪು, ಗಂಡ ತಂದ ಮೆತ್ತೆ. ಅಜ್ಜಿ ಮಡಚಿ ಕೊಟ್ಟಳು, ಸೊಸೆ ಚೀಲಕ್ಕೆ ಇಟ್ಟಳು.

"ನನ್ನ ಮೇಲೆ ಸಿಟ್ಟಿದ್ರೆ ಬೈದುಬಿಡು," ಎಂದಳು ಅಜ್ಜಿ.

"ಬೈಯೋಕೆ ಏನೂ ಉಳಿದಿಲ್ಲ ಅತ್ತೆ. ನೀವು ಹೇಳಬೇಕಿತ್ತು. ನಾವು ಕೇಳಬೇಕಿತ್ತು. ತುಂಬಿದ ಕ್ಯಾನು ನೋಡಿ ಖುಷಿಯಾಗಿ ಸುಮ್ಮನಿದ್ವಿ." ಸೊಸೆ ಚೀಲದ ಬಾಯಿ ಬಿಗಿದಳು. "ಆದ್ರೆ ಈ ಮನೇಲಿ ಆ ಬಾವಿ ನೋಡ್ಕೊಂಡು ನನಗೆ ನಿದ್ದೆ ಬರಲ್ಲ."

"ಹಗಲು ಪಾಪುನ ಯಾರು ನೋಡ್ಕೋತಾರೆ?"

"ಪಕ್ಕದ ಮನೆಯವರನ್ನ ಕೇಳ್ಬೇಕು."

"ನಾನು ಬರ್ತೀನಿ."

ಸೊಸೆ ಪಾಪುವನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದಳು. ಟೆಂಪೋ ಹೋಯಿತು. ಮಗ ಅತ್ತಿತ್ತ ಓಡಾಡಿಕೊಂಡಿದ್ದ. ಬೆಳಗಿನ ಹಾಲು ಇಲ್ಲಿ, ರಾತ್ರಿಯ ಊಟ ಅಲ್ಲಿ. ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ ಉಂಡರು, ಪಾತ್ರೆ ತೊಳೆಯುವುದು ಬೇಗ ಮುಗಿಯುತ್ತಿತ್ತು. ನಾಲ್ಕನೆಯ ದಿನ ಫೋನು ಬಂತು.

"ಅತ್ತೆ, ಪಕ್ಕದವರಿಗೆ ಆಗಲ್ವಂತೆ. ಏಳು ಗಂಟೆ ಬಸ್ಸಿಗೆ ಬರ್ತೀರಾ?"

"ಬರ್ತೀನಿ."

"ಹಸುಗಳು?"

ಅಜ್ಜಿ ಅಜ್ಜನ ಕಡೆ ನೋಡಿದಳು. ಅವನು ಫೋನಿನ ಕಡೆಗೆ ಬಾಗಿ, "ಹದಿನಾಲ್ಕು ಹಸು, ಒಬ್ಬ ಮುದುಕ. ನಡೆಯುತ್ತೆ ಹೋಗು," ಎಂದು ಗಟ್ಟಿಯಾಗಿ ಹೇಳಿದ. ಆ ಕಡೆ ಸೊಸೆ ನಕ್ಕಳೋ ಇಲ್ಲವೋ ತಿಳಿಯಲಿಲ್ಲ.

ಕೋಣೆ ಸಣ್ಣದು. ಮಂಚ ಹಾಕಿದರೆ ನಡೆಯಲು ಜಾಗವಿಲ್ಲ. ಬಾಗಿಲ ಪಕ್ಕ ಒಂದು ನಲ್ಲಿ, ಕೆಳಗೆ ಪ್ಲಾಸ್ಟಿಕ್ ಬಕೆಟ್ಟು. ಸೊಸೆ ಹೊರಡುವ ಆತುರದಲ್ಲಿ ಹಾಲಿನ ಡಬ್ಬಿ ಎಲ್ಲಿದೆ, ಅರಿವೆ ಎಲ್ಲಿದೆ ಎಂದೆಲ್ಲ ತೋರಿಸಿ, ಮೆತ್ತೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಿದಳು. ಹತ್ತು ಗಂಟೆಗೆ ಪಾಪು ಹಸಿದು ಕೂಗಿತು. ಅಜ್ಜಿ ನಲ್ಲಿ ತಿರುಗಿಸಿ ಲೋಟದಲ್ಲಿ ನೀರು ಹಿಡಿದಳು. ಬೆಳಕಿಗೆ ಎತ್ತಿ ನೋಡಿದಳು. ತಿಳಿಯಾಗಿತ್ತು. ಒಂದು ಗುಟುಕು ಕುಡಿದಳು. ಏನೂ ಗೊತ್ತಾಗಲಿಲ್ಲ. ಬಾವಿಯ ನೀರೂ ನೋಡಲು ಹೀಗೇ ಇತ್ತು, ರುಚಿಯೂ ಹೀಗೇ.

ಹೊರಗೆ ಬಟ್ಟೆ ಹರವುತ್ತಿದ್ದ ಮನೆಯೊಡತಿಯನ್ನು ಕೇಳಿದಳು. "ಈ ನೀರು ಕೂಸಿಗೆ ಕೊಡಬಹುದಾ?"

"ಎಲ್ಲರೂ ಕುಡೀತಾರಲ್ಲ ಅಜ್ಜಿ," ಎಂದಳು ಅವಳು.

ಅಜ್ಜಿ ಒಳಗೆ ಬಂದಳು. ಪಾಪುವಿನ ಅಳು ಓಣಿಯ ತುದಿಗೂ ಕೇಳಿಸುವಂತಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡು ಫೋನು ತೆಗೆದಳು. ಆ ಕಡೆಯಿಂದ ನೂರು ಮೆಷಿನುಗಳ ಸದ್ದು.

"ಏನಾಯ್ತು ಅತ್ತೆ?" ಸೊಸೆಯ ದನಿ ಒಡೆದಿತ್ತು.

"ಏನೂ ಆಗಿಲ್ಲ. ಈ ನಲ್ಲಿ ನೀರು ಕೊಡ್ಲಾ?"

"ಕೊಡಿ. ಮೇಡಂ ಹತ್ರ ಪರೀಕ್ಷೆ ಮಾಡ್ಸೇ ಕೋಣೆ ತಗೊಂಡಿದ್ದು."

"ಸರಿಯಾಗಿ ಹೇಳು. ಕೊಡ್ಲಾ?"

"ಕೊಡಿ ಅತ್ತೆ."

ಅವಳು ಪುಡಿ ಕಲೆಸಿದಳು. ಪಾಪು ಬಾಟಲಿ ಕಚ್ಚಿ ಹಿಡಿದು ಕುಡಿಯುವಾಗ ಅದರ ತುಟಿಯಿಂದ ಕಣ್ಣು ತೆಗೆಯಲಿಲ್ಲ. ಒಂದು ಗಂಟೆಗೆ ಮತ್ತೆ ಫೋನು ಮಾಡಿದಳು. ನಾಲ್ಕಕ್ಕೆ ಮತ್ತೊಮ್ಮೆ. ಮರುದಿನವೂ ಹಾಗೆಯೇ.

ವಾರ ಕಳೆಯುವಷ್ಟರಲ್ಲಿ ಸೊಸೆಗೆ ರೇಗಿತು. "ಅತ್ತೆ, ಅದೇ ನಲ್ಲಿ, ಅದೇ ನೀರು. ಸೂಪರ್‌ವೈಸರ್ ನನ್ನ ತಲೆ ಮೇಲೇ ನಿಂತಿದಾರೆ. ಇನ್ಮೇಲೆ ಕೇಳ್ಬೇಡಿ, ನೀವೇ ಕೊಟ್ಟುಬಿಡಿ."

"ಇಲ್ಲ. ನಾನು ಕೇಳ್ತೀನಿ."

"ಬೈಸ್ಕೊಳ್ಳೋಳು ನಾನು."

"ಬೈಸ್ಕೋ."

ಮೆಷಿನುಗಳ ಸದ್ದಿನ ನಡುವೆ ಯಾರೋ ಅವಳನ್ನು ಕೂಗುತ್ತಿದ್ದರು. ಅವಳು ಅವರಿಗೆ, "ಒಂದು ನಿಮಿಷ, ನಮ್ಮ ಅತ್ತೆ," ಎಂದದ್ದು ಕೇಳಿಸಿತು.

"ಸರಿ, ಕೇಳಿ," ಎಂದಳು.

"ಕೊಡ್ಲಾ?"

"ಕೊಡಿ."